ಅಂಕಿ ಹಿಡಿದು ಬೆಂಗಳೂರು ಸುತ್ತುವುದು: ಜಿಪಿಎಸ್ ನಿರ್ದೇಶಾಂಕಗಳ ಜಾಡಿನಲ್ಲಿ ನಡೆದು ಫೋಟೋ ತೆಗೆಯುವ ಕ್ರಮ

ಮ್ಯಾಪಿನಲ್ಲಿ ಎರಡು ಅಂಕಿ ಗುರುತು ಹಾಕಿಕೊಂಡು, ಅವು ಎಲ್ಲಿ ಕೂಡುತ್ತವೋ ಅಲ್ಲಿಗೇ ನಡೆದುಹೋಗಿ ನಾಲ್ಕು ದಿಕ್ಕಿಗೂ ಒಂದೊಂದು ಫೋಟೋ ತೆಗೆಯುವುದು ಹೇಗೆ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಯಾವ ಆ್ಯಪ್ ಹಾಕಿಕೊಳ್ಳಬೇಕು? ದುಬಾರಿ ಸಾಧನ ಬೇಕಾ? ಬಿಂದು ಯಾರದೋ ಮನೆ ಒಳಗೆ ಬಿದ್ದರೆ ಏನು ಮಾಡೋದು? ಪೊಲೀಸರು ಕೇಳಿದರೆ ಏನು ಹೇಳೋದು? ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುವ ಬದಲು ಇಡೀ ಕ್ರಮವನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಈ ಹವ್ಯಾಸದ ಮೂಲ ಹೊಸದೇನಲ್ಲ. 1996ರಲ್ಲಿ ಅಲೆಕ್ಸ್ ಜಾರೆಟ್ ಎಂಬ ಅಮೆರಿಕನ್ನರು ಪೂರ್ಣಾಂಕದ ಅಕ್ಷಾಂಶ ಮತ್ತು ರೇಖಾಂಶಗಳು ಕೂಡುವ ಜಾಗಗಳಿಗೆ ಹೋಗಿ ಫೋಟೋ ತೆಗೆಯುವ ಕೆಲಸ ಶುರುಮಾಡಿದರು. ಮುಂದೆ ಜಗತ್ತಿನ ಎಷ್ಟೋ ಜನ ಅದಕ್ಕೆ ಕೈಜೋಡಿಸಿದರು. ನಮ್ಮ ಕಡೆ ಅಂಥ ಎರಡು ಜಾಗಗಳಿವೆ. 13 ಡಿಗ್ರಿ ಉತ್ತರ, 77 ಡಿಗ್ರಿ ಪೂರ್ವ ಕುಣಿಗಲ್ ಹತ್ತಿರ ಬೀಳುತ್ತದೆ. 13 ಉತ್ತರ, 78 ಪೂರ್ವ ಮಾಲೂರಿನಿಂದ ಇನ್ನೂ ಪೂರ್ವಕ್ಕಿದೆ. ಬೆಂಗಳೂರು ಈ ಎರಡರ ನಡುವೆ ಇರುವುದರಿಂದ ನಗರದೊಳಗೆ ಪೂರ್ಣಾಂಕದ ಕೂಡುಬಿಂದು ಒಂದೂ ಇಲ್ಲ. ಅದಕ್ಕೇ ಇಲ್ಲಿ ಡಿಗ್ರಿಯನ್ನು ನೂರು ಭಾಗ ಮಾಡಿ, 0.01ರ ಅಂತರದಲ್ಲಿ ಗೆರೆ ಎಳೆದು, ಆ ಗೆರೆಗಳು ಕೂಡುವ ಕಡೆಗೆ ನಡೆಯುತ್ತೇವೆ.

ಕ್ಯಾಮೆರಾ ಹಿಡಿದು ಹೊರಟವರು ತಾವಾಗಿ ಹೋಗುವುದು ಲಾಲ್‌ಬಾಗ್, ಕಬ್ಬನ್ ಪಾರ್ಕ್, ಮಲ್ಲೇಶ್ವರದ ಹೂವಿನ ಸಾಲು, ಕೆ.ಆರ್. ಮಾರುಕಟ್ಟೆಗೆ. ಆ ಫೋಟೋಗಳು ಈಗಾಗಲೇ ಲೆಕ್ಕವಿಲ್ಲದಷ್ಟು ಇವೆ. ಬ್ಯಾಟರಾಯನಪುರದ ಎರಡನೇ ಅಡ್ಡರಸ್ತೆಯೋ ಸುಂಕದಕಟ್ಟೆಯ ಗ್ಯಾರೇಜು ಸಾಲೋ ಯಾರ ಆಲ್ಬಮ್ಮಿನಲ್ಲೂ ಇರುವುದಿಲ್ಲ. ಅಂಕಿಗೆ ಚೆಂದ, ಚೆಂದವಲ್ಲದ್ದು ಎಂಬ ಭೇದ ಗೊತ್ತಿಲ್ಲ. ಎಲ್ಲಿಗೆ ಹೋಗಬೇಕು ಎಂಬುದನ್ನು ಅಂಕಿಗೆ ಬಿಟ್ಟುಕೊಟ್ಟರೆ ನಾವು ವಾಸವಿರುವ ಊರು ಇದ್ದ ಹಾಗೇ ಕಣ್ಣಿಗೆ ಬೀಳುತ್ತದೆ. ಮುಂದೆ ಹೇಳುವ ಎಲ್ಲ ನಿಯಮಗಳೂ ಈ ಒಂದು ಮಾತಿನಿಂದಲೇ ಬಂದಿವೆ.

ಏನೇನು ಬೇಕು

ಕಳೆದ ಐದಾರು ವರ್ಷಗಳಲ್ಲಿ ಕೊಂಡ ಯಾವ ಸ್ಮಾರ್ಟ್‌ಫೋನ್ ಆದರೂ ಸಾಕು. ಬೇರೆ ಜಿಪಿಎಸ್ ಸಾಧನ ಬೇಡ. ಪವರ್ ಬ್ಯಾಂಕ್, ನೀರು, ನಡೆಯಲು ಒಗ್ಗಿದ ಚಪ್ಪಲಿ ಅಥವಾ ಶೂ, ಒಂದು ಸಣ್ಣ ನೋಟ್‌ಬುಕ್ ಇರಲಿ. ಜೊತೆಗೆ ಒಬ್ಬರಿದ್ದರೆ ಒಳ್ಳೆಯದು. ಫೋನ್ ನೋಡುತ್ತಾ ನಡೆಯುವವರಿಗೆ ನಮ್ಮ ಫುಟ್‌ಪಾತ್ ಮೇಲೆ ಕಣ್ಣಿಡುವ ಇನ್ನೊಬ್ಬರು ಬೇಕೇ ಬೇಕು. ತೆಗೆದುಬಿಟ್ಟ ಚಪ್ಪಡಿಕಲ್ಲಿನ ಸಂದುಗಳು ಎಲ್ಲಿರುತ್ತವೆ ಎಂದು ಯಾವ ಮ್ಯಾಪೂ ಹೇಳುವುದಿಲ್ಲ.

ಆ್ಯಪ್‌ಗಳಲ್ಲಿ ಮೂರು ಕೆಲಸಕ್ಕೆ ಮೂರು ಬೇಕಾಗುತ್ತವೆ. ನಿರ್ದೇಶಾಂಕ ಹುಡುಕಲು ಗೂಗಲ್ ಮ್ಯಾಪ್ಸ್. ಇಂಟರ್ನೆಟ್ ಇಲ್ಲದೆಯೂ ಮ್ಯಾಪ್ ತೋರಿಸಿ, ನಡೆದ ದಾರಿಯನ್ನು ದಾಖಲಿಸಲು ಓಎಸ್ಎಂಆ್ಯಂಡ್ (OsmAnd). ಫೋಟೋ ತೆಗೆಯಲು ಆಂಡ್ರಾಯ್ಡ್‌ನಲ್ಲಿ ಓಪನ್ ಕ್ಯಾಮೆರಾ, ಏಕೆಂದರೆ ಅದು ಸ್ಥಳದ ಜೊತೆ ಕ್ಯಾಮೆರಾ ನೋಡುತ್ತಿದ್ದ ದಿಕ್ಕನ್ನೂ ಫೋಟೋದೊಳಗೆ ಬರೆದಿಡಬಲ್ಲದು. ಐಫೋನ್‌ನಲ್ಲಿ ಅದರದೇ ಕ್ಯಾಮೆರಾ ಸಾಕು, ಲೊಕೇಶನ್ ಅನುಮತಿ ಕೊಟ್ಟಿರಬೇಕು ಅಷ್ಟೆ.

ಅಂಕಿ ಓದುವುದನ್ನು ಮೊದಲು ಕಲಿಯಿರಿ

ತಪ್ಪು ಹೆಚ್ಚಾಗಿ ಆಗುವುದು ಇಲ್ಲೇ. ಅವಸರ ಮಾಡಬೇಡಿ.

ನಿರ್ದೇಶಾಂಕ ಎಂದರೆ ಎರಡು ಸಂಖ್ಯೆ. ಮೊದಲನೆಯದು ಅಕ್ಷಾಂಶ, ಸಮಭಾಜಕ ವೃತ್ತದಿಂದ ಎಷ್ಟು ಉತ್ತರಕ್ಕಿದ್ದೇವೆ ಎಂಬುದು. ಎರಡನೆಯದು ರೇಖಾಂಶ, ಗ್ರೀನಿಚ್‌ನಿಂದ ಎಷ್ಟು ಪೂರ್ವಕ್ಕಿದ್ದೇವೆ ಎಂಬುದು. ಬೆಂಗಳೂರಿನ ನಡುಭಾಗ ಸುಮಾರು 12.97, 77.59. ನಗರದೊಳಗೆ ಎಲ್ಲಿ ನಿಂತರೂ ಮೊದಲ ಸಂಖ್ಯೆ 12 ಅಥವಾ 13ರಿಂದ, ಎರಡನೆಯದು 77ರಿಂದ ಶುರುವಾಗುತ್ತದೆ. ಇದನ್ನು ಅದಲುಬದಲು ಮಾಡಿ ಒತ್ತಿದರೆ ಫೋನ್ ನಿಮ್ಮನ್ನು ಉತ್ತರ ಧ್ರುವದ ಹತ್ತಿರದ ಸ್ವಾಲ್ಬಾರ್ಡ್ ದ್ವೀಪಗಳ ಕಡೆ ತೋರಿಸುತ್ತದೆ. ಕೆಲವು ತಂತ್ರಾಂಶಗಳು ರೇಖಾಂಶವನ್ನೇ ಮೊದಲು ಕೇಳುತ್ತವೆ. ಪಟ್ಟಿಯನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುವಾಗ ಇದನ್ನು ನೋಡಿಕೊಳ್ಳಿ.

ಎರಡನೇ ಗೊಂದಲ ಬರೆಯುವ ರೀತಿಯದು. ಹಳೆಯ ಕ್ರಮದಲ್ಲಿ ಡಿಗ್ರಿ, ನಿಮಿಷ, ಸೆಕೆಂಡ್ ಇರುತ್ತವೆ: 12°58′18″. ಇದನ್ನು ದಶಮಾಂಶಕ್ಕೆ ತರಬೇಕಾದರೆ 58ನ್ನು 60ರಿಂದ, 18ನ್ನು 3600ರಿಂದ ಭಾಗಿಸಿ 12ಕ್ಕೆ ಕೂಡಿಸಬೇಕು. ಬರುವುದು 12.9717. ಹಾಗೆ ಮಾಡದೆ 12.5818 ಎಂದು ಬರೆದರೆ ಬಿಂದು ಸುಮಾರು 43 ಕಿ.ಮೀ. ದಕ್ಷಿಣಕ್ಕೆ, ಬನ್ನೇರುಘಟ್ಟದ ಕಾಡಿನ ಕಡೆ ಸರಿದುಹೋಗುತ್ತದೆ. ಮೊದಲಿನಿಂದಲೂ ದಶಮಾಂಶ ಕ್ರಮವನ್ನೇ ಇಟ್ಟುಕೊಳ್ಳಿ.

ಮೂರನೆಯದು, ದಶಮಾಂಶದ ಚುಕ್ಕಿಯ ಮುಂದೆ ಎಷ್ಟು ಅಂಕಿ ಬೇಕು ಎಂಬುದು. ಬೆಂಗಳೂರಿನ ಅಕ್ಷಾಂಶದಲ್ಲಿ 0.01 ಡಿಗ್ರಿ ಎಂದರೆ ಉತ್ತರ–ದಕ್ಷಿಣಕ್ಕೆ ಸುಮಾರು 1.1 ಕಿ.ಮೀ., ಪೂರ್ವ–ಪಶ್ಚಿಮಕ್ಕೆ ಅದಕ್ಕಿಂತ ಕೊಂಚ ಕಡಿಮೆ. 0.001 ಎಂದರೆ ಸುಮಾರು 110 ಮೀಟರ್. ನಾಲ್ಕನೇ ಸ್ಥಾನ 11 ಮೀಟರ್, ಐದನೇ ಸ್ಥಾನ ಒಂದು ಮೀಟರಿನಷ್ಟು. ಫೋನ್ ಆರು, ಏಳು ಅಂಕಿ ತೋರಿಸುತ್ತದೆ ಎಂದ ಮಾತ್ರಕ್ಕೆ ಅದಕ್ಕೆ ಅಷ್ಟು ಗೊತ್ತಿದೆ ಎಂದಲ್ಲ. ತೆರೆದ ಆಕಾಶದ ಕೆಳಗೆ ಒಳ್ಳೆಯ ಫೋನಿನ ನಿಖರತೆ ಐದು ಮೀಟರಿನ ಆಸುಪಾಸು. ಆದ್ದರಿಂದ ಬರೆದುಕೊಳ್ಳುವಾಗ ಐದು ಸ್ಥಾನ ಧಾರಾಳವಾಯಿತು.

ಇನ್ನೊಂದು ಮಾತು. ಈಗಿನ ಫೋನುಗಳೆಲ್ಲ ಡಬ್ಲ್ಯುಜಿಎಸ್84 ಎಂಬ ಅಳತೆಯ ಚೌಕಟ್ಟನ್ನು ಬಳಸುತ್ತವೆ. ಭೂಮಿಯ ಆಕಾರವನ್ನು ಹೀಗೆ ಎಂದು ಒಪ್ಪಿಕೊಂಡು ಅದರ ಮೇಲೆ ಗೆರೆ ಎಳೆಯುವ ಒಂದು ಪದ್ಧತಿ ಅದು. ಸರ್ವೇ ಆಫ್ ಇಂಡಿಯಾದ ಹಳೆಯ ನಕ್ಷೆಗಳಲ್ಲಿರುವುದು ಎವರೆಸ್ಟ್ ಎಂಬ ಬೇರೆ ಚೌಕಟ್ಟು. ಹಳೆಯ ನಕ್ಷೆಯಿಂದ ಅಂಕಿ ಎತ್ತಿ ನೇರವಾಗಿ ಫೋನಿಗೆ ಹಾಕಿದರೆ ಜಾಗ ಎದ್ದು ಕಾಣುವಷ್ಟು ಪಕ್ಕಕ್ಕೆ ಬೀಳುತ್ತದೆ.

1. ಬಿಂದುಗಳನ್ನು ಆರಿಸುವುದು

ಅಕ್ಷಾಂಶ 12.90ರಿಂದ 13.05, ರೇಖಾಂಶ 77.50ರಿಂದ 77.70 ತೆಗೆದುಕೊಂಡರೆ ಹಳೆಯ ನಗರವೂ ಸುತ್ತಲಿನ ಬಡಾವಣೆಗಳೂ ಅದರೊಳಗೆ ಬರುತ್ತವೆ. 0.01ರ ಅಂತರದಲ್ಲಿ ಲೆಕ್ಕ ಹಾಕಿದರೆ 336 ಬಿಂದು. ಎಲ್ಲವನ್ನೂ ಮುಟ್ಟುವ ಹಟ ಮೊದಲೇ ಬೇಡ. ಒಂದು ಸಾಲು ಹಿಡಿಯಿರಿ.

ಹೊಸಬರಿಗೆ ನಾನು ಹೇಳುವುದು 12.98ರ ಸಾಲು. ಮೆಟ್ರೋದ ನೇರಳೆ ಮಾರ್ಗ ಅದರ ಪಕ್ಕದಲ್ಲೇ ಹೋಗುವುದರಿಂದ ಸುಸ್ತಾದ ಕಡೆ ನಿಲ್ಲಿಸಿ ಮನೆಗೆ ಹೋಗಬಹುದು. ಆ ಸಾಲಿನಲ್ಲಿ 77.57 ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದ ಬಳಿ ಬೀಳುತ್ತದೆ. 77.58 ಫ್ರೀಡಂ ಪಾರ್ಕ್ ಮತ್ತು ರೇಸ್ ಕೋರ್ಸ್ ಆಸುಪಾಸು. 77.59 ವಿಧಾನಸೌಧದ ಮಗ್ಗುಲಲ್ಲೇ. 77.60 ಚಿನ್ನಸ್ವಾಮಿ ಕ್ರೀಡಾಂಗಣದ ಹತ್ತಿರ, ಕಬ್ಬನ್ ರಸ್ತೆ ಕಡೆ. ನೇರ ಗೆರೆಯಲ್ಲಿ ಇದು ಮೂರೂಕಾಲು ಕಿಲೋಮೀಟರ್. ರಸ್ತೆ ಬಳಸಿ ನಡೆದರೆ ಐದರ ಹತ್ತಿರ ಆಗುತ್ತದೆ.

ನಾಲ್ಕೇ ಬಿಂದುಗಳಲ್ಲಿ ಈ ಹವ್ಯಾಸದ ಎಲ್ಲ ಕಷ್ಟಗಳೂ ಎದುರಾಗುತ್ತವೆ ಎಂಬುದೂ ಈ ಸಾಲನ್ನು ಹೇಳಲು ಕಾರಣ. ರೈಲು ಹಳಿಗಳ ಹತ್ತಿರ ಹೋಗಲಾಗದ ಜಾಗ, ಮರಗಳ ದಟ್ಟ ನೆರಳು, ಬಿಗಿ ಭದ್ರತೆಯ ಆವರಣ, ಪಕ್ಕದಲ್ಲೇ ಸೇನೆಯ ಜಾಗ, ಎಲ್ಲವೂ ಇವೆ. ಇಲ್ಲಿ ಕಲಿತವರಿಗೆ ಬೇರೆ ಕಡೆ ಸುಲಭ.

ಆಮೇಲೆ ಪ್ರಸಿದ್ಧ ಜಾಗಗಳನ್ನು ಬಿಡಿ. ನಿಮ್ಮ ಮನೆಗೆ ಹತ್ತಿರದ ನಾಲ್ಕು ಬಿಂದುಗಳನ್ನು ಹುಡುಕಿ. ನಿಮ್ಮ ಮನೆ ಅಂಥ ಯಾವುದಾದರೊಂದು ಚೌಕದ ಒಳಗೇ ಇರುತ್ತದೆ. ಅದರ ನಾಲ್ಕು ಮೂಲೆಗಳಲ್ಲಿ ಕನಿಷ್ಠ ಎರಡಕ್ಕೆ ನೀವು ಯಾವತ್ತೂ ಹೋಗಿರುವುದಿಲ್ಲ. ಹತ್ತಿಪ್ಪತ್ತು ವರ್ಷದಿಂದ ಒಂದೇ ಬಡಾವಣೆಯಲ್ಲಿ ಇರುವವರಿಗೂ ಇದು ಹೀಗೇ.

ಬಿಂದು ಆರಿಸಿದ ಮೇಲೆ ಬದಲಿಸಬಾರದು. "ಇಲ್ಲಿಂದ ನೂರು ಮೀಟರ್ ಆಚೆ ಒಳ್ಳೆ ದೇವಸ್ಥಾನ ಇದೆ, ಅದನ್ನೇ ತೆಗೆಯೋಣ" ಅನ್ನಿಸುತ್ತದೆ. ಅದನ್ನೂ ತೆಗೆಯಿರಿ, ಬೇರೆ ಕಡತದಲ್ಲಿ ಇಡಿ. ಬಿಂದುವಿನ ಫೋಟೋ ಬಿಂದುವಿನದೇ ಆಗಿರಲಿ.

2. ಮನೆಯಲ್ಲೇ ಮಾಡಿಕೊಳ್ಳುವ ತಯಾರಿ

ಗೂಗಲ್ ಮ್ಯಾಪ್ಸ್‌ನ ಹುಡುಕುವ ಜಾಗದಲ್ಲಿ 12.98, 77.58 ಎಂದು ಒತ್ತಿದರೆ ಕೆಂಪು ಗುರುತು ಬೀಳುತ್ತದೆ. ಅಂಕಿಗಳನ್ನು ಇಂಗ್ಲಿಷ್ ಅಂಕಿಗಳಲ್ಲೇ ಕೊಡಿ. ಉಪಗ್ರಹ ಚಿತ್ರದ ನೋಟಕ್ಕೆ ಬದಲಾಯಿಸಿ ಆ ಗುರುತು ರಸ್ತೆಯ ಮೇಲಿದೆಯೋ, ತಾರಸಿಯ ಮೇಲೋ, ಕೆರೆಯೊಳಗೋ ನೋಡಿಕೊಳ್ಳಿ. ಹತ್ತಿರದ ಸಾರ್ವಜನಿಕ ರಸ್ತೆ ಯಾವುದು, ಒಳಗೆ ಹೋಗುವ ದಾರಿ ಎಷ್ಟಿವೆ ಎಂದು ಬರೆದಿಟ್ಟುಕೊಳ್ಳಿ. ಮ್ಯಾಪಿನಲ್ಲಿ ದಾರಿಯಂತೆ ಕಾಣುವ ಎಷ್ಟೋ ಗಲ್ಲಿಗಳಿಗೆ ಬಡಾವಣೆಯವರು ಗೇಟ್ ಹಾಕಿರುತ್ತಾರೆ. ರಾಜಕಾಲುವೆ ಅಡ್ಡ ಬಂದರೆ ಸೇತುವೆ ಎಲ್ಲಿದೆ ಎಂದು ಮೊದಲೇ ನೋಡಿ.

ಓಎಸ್ಎಂಆ್ಯಂಡ್‌ನಲ್ಲಿ ಕರ್ನಾಟಕದ ಮ್ಯಾಪ್ ಇಳಿಸಿಕೊಂಡು, ಬಿಂದುಗಳನ್ನು ಮೆಚ್ಚಿನ ಜಾಗಗಳಾಗಿ ಉಳಿಸಿ. ಇಂಟರ್ನೆಟ್ ಕೈಕೊಟ್ಟರೂ ನಡಿಗೆ ನಿಲ್ಲುವುದಿಲ್ಲ.

3. ಹೊತ್ತು ಗೊತ್ತುಮಾಡುವುದು

ಭಾನುವಾರ ಬೆಳಿಗ್ಗೆ ಆರೂವರೆಯಿಂದ ಒಂಬತ್ತು. ಬೇರೆ ಮಾತೇ ಇಲ್ಲ. ಗಾಡಿಗಳು ಕಡಿಮೆ, ಬೆಳಕು ಓರೆ, ರಸ್ತೆ ಬದಿಯ ಹೋಟೆಲಿನವರಿಗೂ ಮಾತಾಡಲು ಪುರುಸೊತ್ತು. ಪೇಟೆಯೊಳಗಿನ ಬಿಂದುಗಳಿಗೆ, ಉದಾಹರಣೆಗೆ ಅವೆನ್ಯೂ ರಸ್ತೆ–ಕಬ್ಬನ್‌ಪೇಟೆ ಕಡೆ ಬೀಳುವ 12.97, 77.58ಕ್ಕೆ, ವಾರದ ದಿನ ಹೋದರೆ ಲೋಡ್ ಇಳಿಸುವ ಗಾಡಿಗಳ ನಡುವೆ ನಿಲ್ಲಲೂ ಜಾಗ ಸಿಗುವುದಿಲ್ಲ.

ನಡು ಮಧ್ಯಾಹ್ನ ಬೇಡ. ನಮ್ಮ ಊರು 13 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಹಾಗೂ ಆಗಸ್ಟ್ 18ರ ಸುಮಾರಿಗೆ, ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ಆಗ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಬೀಳುವುದಿಲ್ಲ. ಶೂನ್ಯ ನೆರಳಿನ ದಿನ ಎಂದು ಶಾಲೆಗಳಲ್ಲಿ ತೋರಿಸುವುದು ಇದನ್ನೇ. ಅಕ್ಷಾಂಶದ ಅಂಕಿಯನ್ನು ಕಣ್ಣಾರೆ ನೋಡಬಹುದಾದ ದಿನ ಅದು. ಅಂದು ಮಾತ್ರ ಮಧ್ಯಾಹ್ನ 12 ಗಂಟೆ 15ರಿಂದ 25 ನಿಮಿಷದ ನಡುವೆ ಒಂದು ಬಿಂದುವಿನಲ್ಲಿ ನಿಂತು, ನೆರಳಿಲ್ಲದ ಕಂಬವನ್ನೂ ಸೇರಿಸಿ ಫೋಟೋ ತೆಗೆಯಿರಿ. ಮಕ್ಕಳನ್ನು ಕರೆದುಕೊಂಡು ಹೋಗಲು ಇದಕ್ಕಿಂತ ಒಳ್ಳೆಯ ದಿನ ಇನ್ನೊಂದಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಮಳೆ ದಿಢೀರನೆ ಬರುತ್ತದೆ. ಅಂಡರ್‌ಪಾಸ್ ಮತ್ತು ರಾಜಕಾಲುವೆ ಪಕ್ಕದ ಬಿಂದುಗಳನ್ನು ಆ ಹೊತ್ತಿಗೆ ಇಟ್ಟುಕೊಳ್ಳಬೇಡಿ.

4. ಉಪಗ್ರಹಗಳನ್ನು ಹಿಡಿಯುವುದು

ಫೋನ್ ತನ್ನ ಜಾಗ ತಿಳಿಯಲು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಬೇಕು. ಪ್ರತಿ ಉಪಗ್ರಹವೂ ತಾನು ಎಲ್ಲಿದ್ದೇನೆ, ಈಗ ಸಮಯ ಎಷ್ಟು ಎಂದು ಹೇಳುತ್ತಿರುತ್ತದೆ. ಸಂಕೇತ ಬರಲು ತಗುಲಿದ ಸಮಯದಿಂದ ಫೋನ್ ದೂರವನ್ನು ಲೆಕ್ಕ ಹಾಕುತ್ತದೆ. ಮೂರು ದೂರಗಳಿಂದ ಜಾಗ ಸಿಗುತ್ತದೆ, ನಾಲ್ಕನೆಯದು ಫೋನಿನ ಗಡಿಯಾರದ ದೋಷವನ್ನು ಸರಿಪಡಿಸಲು.

ನಾವು ಎಲ್ಲದಕ್ಕೂ ಜಿಪಿಎಸ್ ಎನ್ನುತ್ತೇವೆ, ಆದರೆ ಅದು ಅಮೆರಿಕದ ವ್ಯವಸ್ಥೆಯ ಹೆಸರು ಮಾತ್ರ. ರಷ್ಯದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈದು, ನಮ್ಮ ನಾವಿಕ್ ಎಲ್ಲವೂ ಇವೆ. ನಾವಿಕ್‌ನ ಮೊದಲ ಉಪಗ್ರಹ 2013ರ ಜುಲೈ 1ರಂದು ಮೇಲೇರಿತು. ಅದರ ಸಂಚಾಲನಾ ಕೇಂದ್ರ ಇರುವುದು ನಮ್ಮ ಬೆಂಗಳೂರಿನ ಪಕ್ಕದ ಬ್ಯಾಲಾಳುವಿನಲ್ಲಿ. ಹೊಸ ಫೋನುಗಳಲ್ಲಿ ಕೆಲವು ನಾವಿಕ್ ಸಂಕೇತವನ್ನೂ ಹಿಡಿಯುತ್ತವೆ. ಫೋನ್ ಕೊಳ್ಳುವಾಗ ವಿಚಾರಿಸಿದರೆ ನಷ್ಟವಿಲ್ಲ. ಜಿಪಿಎಸ್ ಸಂಕೇತವನ್ನು ನಾಗರಿಕರಿಗೆ ಬೇಕೆಂದೇ ಮಸುಕು ಮಾಡುವ ಪದ್ಧತಿಯನ್ನು ಅಮೆರಿಕ ನಿಲ್ಲಿಸಿದ್ದು 2000ದ ಮೇ ತಿಂಗಳಲ್ಲಿ. ಅದಕ್ಕೆ ಮುಂಚೆ ಈ ಹವ್ಯಾಸದಲ್ಲಿ ನೂರು ಮೀಟರ್ ಆಚೀಚೆ ಸಾಮಾನ್ಯವಾಗಿತ್ತು.

ಮೆಟ್ರೋ ನೆಲದಡಿಯಿಂದ ಮೇಲೆ ಬಂದ ತಕ್ಷಣ ಫೋನ್ ತೋರಿಸುವ ಜಾಗವನ್ನು ನಂಬಬೇಡಿ. ತೆರೆದ ಜಾಗಕ್ಕೆ ಹೋಗಿ ಎರಡು ನಿಮಿಷ ನಿಲ್ಲಿ. ಮ್ಯಾಪಿನಲ್ಲಿ ನಿಮ್ಮ ಸುತ್ತ ಕಾಣುವ ತಿಳಿ ನೀಲಿ ವೃತ್ತ ಕುಗ್ಗುತ್ತಾ ಬರುತ್ತದೆ. ಆ ವೃತ್ತವೇ ನಿಖರತೆಯ ಅಂದಾಜು. ನಿಖರತೆ ಐದಾರು ಮೀಟರ್ ಎಂದು ಆ್ಯಪ್ ತೋರಿಸುವವರೆಗೆ ಕಾಯಿರಿ.

ಎತ್ತರದ ಗಾಜಿನ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ತಿರುಗಿ ಬರುವುದರಿಂದ ಫೋನ್ ಮೋಸಹೋಗುತ್ತದೆ. ಹೊರವರ್ತುಲ ರಸ್ತೆಯ ಕಂಪನಿ ಕಟ್ಟಡಗಳ ಸಾಲು, ಎಂ.ಜಿ. ರಸ್ತೆ, ಮೆಟ್ರೋ ಮೇಲ್ಸೇತುವೆಯ ಕೆಳಭಾಗ, ಚಿಕ್ಕಪೇಟೆಯ ಇಕ್ಕಟ್ಟಾದ ಗಲ್ಲಿಗಳು ಇದಕ್ಕೆ ಹೆಸರಾದವು. ಅಲ್ಲಿ ನೀವು ನಿಂತಲ್ಲೇ ನಿಂತಿದ್ದರೂ ಗುರುತು ರಸ್ತೆಯ ಆಚೆ ಬದಿಗೆ ಹಾರುತ್ತಿರುತ್ತದೆ. ಮಳೆ ನಿಂತ ಮೇಲೆ ಒದ್ದೆಯಾದ ದಟ್ಟ ಎಲೆಗಳ ಕೆಳಗೂ ಸಂಕೇತ ಸೊರಗುತ್ತದೆ. ಇಂಥ ಕಡೆ ಐದು ನಿಮಿಷ ನಿಂತು, ಗುರುತು ಹೆಚ್ಚು ಹೊತ್ತು ಯಾವ ಕಡೆ ನಿಲ್ಲುತ್ತದೋ ಅದನ್ನು ಒಪ್ಪಿಕೊಳ್ಳಿ, ನಿಖರತೆ ಎಷ್ಟಿತ್ತು ಎಂದೂ ಬರೆದುಕೊಳ್ಳಿ.

ಎತ್ತರದ ಅಂಕಿಯ ಬಗ್ಗೆ ಒಂದು ಎಚ್ಚರಿಕೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ ಎಂದು ಓದಿದ್ದೇವೆ. ಕೆಲವು ಆ್ಯಪ್‌ಗಳು ಅದಕ್ಕಿಂತ ಸುಮಾರು 85 ಮೀಟರ್ ಕಡಿಮೆ ತೋರಿಸುತ್ತವೆ. ಫೋನ್ ಕೆಟ್ಟಿಲ್ಲ. ಉಪಗ್ರಹ ಅಳೆಯುವುದು ಗಣಿತದ ಒಂದು ನುಣುಪು ಮೇಲ್ಮೈಯಿಂದ. ನಿಜವಾದ ಸಮುದ್ರಮಟ್ಟ ದಕ್ಷಿಣ ಭಾರತದಲ್ಲಿ ಅದಕ್ಕಿಂತ ಅಷ್ಟು ಕೆಳಗಿದೆ. ಗುರುತ್ವದ ವ್ಯತ್ಯಾಸ ಇದಕ್ಕೆ ಕಾರಣ.

5. ಬಿಂದುವಿಗೆ ನಡೆಯುವುದು

ಹೊರಡುವಾಗಲೇ ದಾರಿ ದಾಖಲಿಸುವ ಗುಂಡಿ ಒತ್ತಿ. ಆದರೆ ಮನೆ ಬಾಗಿಲಿನಿಂದ ಬೇಡ, ಎರಡು ರಸ್ತೆ ದಾಟಿದ ಮೇಲೆ ಶುರುಮಾಡಿ. ಆ ದಾರಿಯನ್ನು ಮುಂದೆ ಹಂಚಿಕೊಂಡರೆ ನಿಮ್ಮ ಮನೆ ಎಲ್ಲಿದೆ ಎಂದು ಊರಿಗೆಲ್ಲ ಗೊತ್ತಾಗಬಾರದು.

ನೂರು ಮೀಟರ್ ಹತ್ತಿರ ಬಂದ ಮೇಲೆ ದಾರಿ ತೋರಿಸುವ ಧ್ವನಿಯನ್ನು ನಿಲ್ಲಿಸಿ, ಬರೀ ಅಂಕಿ ನೋಡುತ್ತಾ ನಡೆಯಿರಿ. ಉತ್ತರಕ್ಕೆ ಹೋದರೆ ಮೊದಲ ಸಂಖ್ಯೆ ಏರುತ್ತದೆ, ಪೂರ್ವಕ್ಕೆ ಹೋದರೆ ಎರಡನೆಯದು. 12.97996 ಹೋಗಿ 12.98000 ಬರುವ ಗಳಿಗೆಗಾಗಿ ಒಂದು ಹೆಜ್ಜೆ ಆಚೆ, ಒಂದು ಹೆಜ್ಜೆ ಈಚೆ ಇಡುವುದರಲ್ಲಿ ಮಕ್ಕಳಂಥ ಖುಷಿ ಇದೆ. ಆದರೆ ನಡುರಸ್ತೆಯಲ್ಲಿ ಅದನ್ನು ಮಾಡಬೇಡಿ. ಹತ್ತು ಮೀಟರಿನೊಳಗೆ ಬಂದರೆ ಬಿಂದು ಮುಟ್ಟಿದ ಹಾಗೇ.

6. ಬಿಂದು ಕೈಗೆ ಸಿಗದಿದ್ದರೆ

ಹೆಚ್ಚಿನ ಬಿಂದುಗಳು ಯಾರದೋ ಮನೆ, ಅಪಾರ್ಟ್‌ಮೆಂಟ್, ಕಾರ್ಖಾನೆ, ಕಾಲೇಜಿನ ಒಳಗೇ ಬೀಳುತ್ತವೆ. ನಿಯಮ ಸರಳ: ಸಾರ್ವಜನಿಕ ರಸ್ತೆಯಲ್ಲಿ ಬಿಂದುವಿಗೆ ಅತಿ ಹತ್ತಿರದ ಜಾಗದಲ್ಲಿ ನಿಂತು, ಅಲ್ಲಿಯ ಅಂಕಿ ಬರೆದು, ಎಷ್ಟು ದೂರ ಎಂದು ನಮೂದಿಸಿ ಫೋಟೋ ತೆಗೆಯಿರಿ. ಕಾಂಪೌಂಡ್ ಹತ್ತಬಾರದು, ಕೆಲಸ ನಡೆಯುತ್ತಿರುವ ಕಟ್ಟಡದೊಳಗೆ ನುಗ್ಗಬಾರದು. ಕೇಳಿದರೆ ಎಷ್ಟೋ ಮನೆಯವರು ಒಳಗೆ ಕರೆದು ತಾರಸಿಗೇ ಕಳಿಸುತ್ತಾರೆ. ಆದರೆ ಕೇಳಬೇಕು.

ಬೆಂಗಳೂರಿನಲ್ಲಿ ಫೋನ್ ಹಿಡಿದು ಅಂಕಿ ನೋಡುತ್ತಾ ನಿಂತವರನ್ನು ಕಂಡರೆ ಜನ ಕೇಳುವ ಮೊದಲ ಪ್ರಶ್ನೆ, "ಏನ್ ಸಾರ್, ಸರ್ವೇನಾ?" ಆ ಪ್ರಶ್ನೆಯ ಹಿಂದೆ ನಿಜವಾದ ಭಯ ಇದೆ. ರಸ್ತೆ ಅಗಲೀಕರಣ, ಭೂಸ್ವಾಧೀನ, ಒತ್ತುವರಿ ತೆರವು, ಎಲ್ಲವೂ ಹೀಗೇ ಯಾರೋ ಬಂದು ಅಳೆಯುವುದರಿಂದಲೇ ಶುರುವಾಗಿರುತ್ತವೆ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಫೋನ್ ಕೆಳಗಿಳಿಸಿ, ಮುಖ ನೋಡಿ ಹೇಳಿ: "ಇಲ್ಲ ಅಣ್ಣ, ಸರ್ಕಾರದವರಲ್ಲ. ಊರು ಈಗ ಹೇಗಿದೆ ಅಂತ ಫೋಟೋ ತೆಗೆದಿಡ್ತಿದೀವಿ." ತೆಗೆದ ಫೋಟೋ ತೋರಿಸಿ. ಬೇಡ ಎಂದರೆ ಅವರ ಮುಂದೆಯೇ ಅಳಿಸಿ ಮುಂದೆ ಹೋಗಿ. ಒಪ್ಪಿದರೆ ಆ ಜಾಗದ ಬಗ್ಗೆ ಒಂದು ಮಾತು ಕೇಳಿ. "ಇಲ್ಲಿ ಮುಂಚೆ ಏನಿತ್ತು?" ಎಂಬ ಪ್ರಶ್ನೆಗೆ ಯಾವ ಮ್ಯಾಪಿನಲ್ಲೂ ಇಲ್ಲದ ಉತ್ತರ ಬರುತ್ತದೆ: ತೋಪು, ಕುಂಟೆ, ಗುಂಡುತೋಪಿನ ಮೂಲೆಯ ಮುನೇಶ್ವರ, ಸೊಪ್ಪಿನ ಹೊಲ. ಅದನ್ನು ನೋಟ್‌ಬುಕ್ಕಿನಲ್ಲಿ ಅವರ ಮಾತಿನಲ್ಲೇ ಬರೆಯಿರಿ, ಹೆಸರು ಬೇಡ.

ಸೇನೆ, ವಾಯುಪಡೆ, ಎಚ್‌ಎಎಲ್, ಬಾಹ್ಯಾಕಾಶ ಸಂಸ್ಥೆಗಳ ಆವರಣದ ಸುತ್ತ ಕ್ಯಾಮೆರಾ ತೆಗೆಯಲೇಬೇಡಿ. ಹಲಸೂರು, ಅಗರಂ, ಜಾಲಹಳ್ಳಿ, ವಿಮಾನಪುರ ಕಡೆ ಇಂಥ ಜಾಗಗಳು ಬೇಕಾದಷ್ಟಿವೆ. ನಿಷೇಧದ ಫಲಕ ಕಂಡರೆ ಆ ಬಿಂದುವಿನ ಎದುರು 'ನಿಷೇಧಿತ' ಎಂದು ಬರೆದು ಮುಂದಿನದಕ್ಕೆ ಹೋಗಿ. ವಿಧಾನಸೌಧದ ಬಿಂದುವನ್ನು ಹೊರಗಿನ ರಸ್ತೆಯಿಂದ, ಎಲ್ಲರೂ ನಿಂತು ಫೋಟೋ ತೆಗೆಯುವ ಕಡೆಯಿಂದಲೇ ತೆಗೆಯಿರಿ. ಮೆಟ್ರೋ, ರೈಲು ನಿಲ್ದಾಣ, ಲಾಲ್‌ಬಾಗ್ ಒಳಗೆ ದೊಡ್ಡ ಕ್ಯಾಮೆರಾ ತೆಗೆಯುವ ಮುನ್ನ ಸಿಬ್ಬಂದಿಯನ್ನು ಕೇಳಿ. ಡ್ರೋನ್ ಬಗ್ಗೆ ಕೇಳುವವರಿಗೆ ನನ್ನ ಉತ್ತರ ಒಂದೇ: ಈ ಕೆಲಸಕ್ಕೆ ಅದು ಬೇಡ. ನೆಲದ ಮೇಲೆ ನಿಂತವರ ಕಣ್ಣಿನ ಮಟ್ಟದಲ್ಲಿ ಊರು ಹೇಗಿದೆ ಎಂಬುದೇ ಇಲ್ಲಿ ಬೇಕಾಗಿರುವುದು.

7. ಫೋಟೋ ತೆಗೆಯುವ ಕ್ರಮ

ಒಂದು ಬಿಂದುವಿಗೆ ಆರು ಫೋಟೋ. ಮೊದಲನೆಯದು ಅಂಕಿ ತೋರಿಸುತ್ತಿರುವ ಫೋನಿನ ಪರದೆ, ಸ್ಕ್ರೀನ್‌ಶಾಟ್ ಆದರೂ ಸರಿ. ಆಮೇಲೆ ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ, ಇದೇ ಅನುಕ್ರಮದಲ್ಲಿ. ಕೊನೆಗೆ ಕಾಲ ಕೆಳಗಿನ ನೆಲ. ನೆಲದ ಫೋಟೋ ಯಾಕೆ ಎಂದು ಹಲವರು ಕೇಳುತ್ತಾರೆ. ಡಾಂಬರು, ಕಾಂಕ್ರೀಟ್, ಹಾಸುಗಲ್ಲು, ಕೆಂಪು ಮಣ್ಣು, ಲಾಲ್‌ಬಾಗ್ ಕಡೆ ಸಿಗುವ ಮುನ್ನೂರು ಕೋಟಿ ವರ್ಷ ಹಳೆಯ ಬಂಡೆ: ಬೆಂಗಳೂರಿನ ನೆಲ ಪ್ರತಿ ಕಿಲೋಮೀಟರಿಗೂ ಬೇರೆ, ಆದರೆ ಅದನ್ನು ಯಾರೂ ಚಿತ್ರಿಸುವುದಿಲ್ಲ.

ಕ್ಯಾಮೆರಾ ಕಣ್ಣಿನ ಎತ್ತರದಲ್ಲಿ, ಅಡ್ಡವಾಗಿ, ಜೂಮ್ ಇಲ್ಲದೆ. ಎಲ್ಲ ಬಿಂದುವಿಗೂ ಒಂದೇ ಲೆನ್ಸ್. ಫಿಲ್ಟರ್ ಬೇಡ. ಈ ಶಿಸ್ತು ಇದ್ದರೆ ಮಾತ್ರ ಒಂದು ಬಿಂದುವನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸಬಹುದು.

ದಿಕ್ಸೂಚಿಯನ್ನು ಬಳಸುವ ಮುನ್ನ ಫೋನನ್ನು ಗಾಳಿಯಲ್ಲಿ 8ರ ಆಕಾರದಲ್ಲಿ ಕೆಲವು ಸಲ ತಿರುಗಿಸಿ. ಮೆಟ್ರೋ ಕಂಬ, ನಿಲ್ಲಿಸಿದ ಕಾರು, ಟ್ರಾನ್ಸ್‌ಫಾರ್ಮರ್ ಪಕ್ಕ ದಿಕ್ಸೂಚಿ ತಪ್ಪು ತೋರಿಸುತ್ತದೆ. ಅನುಮಾನ ಬಂದರೆ ರಸ್ತೆ ಯಾವ ಕಡೆ ಹೋಗುತ್ತದೆ ಎಂದು ಮ್ಯಾಪಿನಲ್ಲಿ ನೋಡಿ ದಿಕ್ಕು ಗೊತ್ತುಮಾಡಿ. ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಮ್ಮಲ್ಲಿ ಇರುವ ವ್ಯತ್ಯಾಸ ಬಹಳ ಕಡಿಮೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮನೆ ಮುಂದೆ ರಂಗೋಲಿ ಹಾಕುತ್ತಿರುವವರು, ಆಡುವ ಮಕ್ಕಳು, ಪಾದಚಾರಿ ಹಾದಿಯಲ್ಲಿ ಮಲಗಿರುವವರು ಚೌಕಟ್ಟಿನಲ್ಲಿದ್ದರೆ ಕಾಯಿರಿ ಅಥವಾ ಕೇಳಿ.

ಬೇರೆ ಕ್ಯಾಮೆರಾ ಬಳಸುವವರಿಗೆ: ಜಿಪಿಎಸ್ ಇಲ್ಲದ ಕ್ಯಾಮೆರಾದ ಫೋಟೋಗಳಿಗೂ ಆಮೇಲೆ ಸ್ಥಳ ಸೇರಿಸಬಹುದು. ಹೊರಡುವ ಮುನ್ನ ಕ್ಯಾಮೆರಾದ ಗಡಿಯಾರವನ್ನು ಫೋನಿಗೆ ಸರಿಹೊಂದಿಸಿ. ಫೋನ್ ದಾಖಲಿಸಿದ ದಾರಿಯ ಕಡತವನ್ನು ಜಿಪಿಎಕ್ಸ್ ಎನ್ನುತ್ತಾರೆ, ಯಾವ ಕ್ಷಣ ಎಲ್ಲಿದ್ದಿರಿ ಎಂಬ ಪಟ್ಟಿ ಅದು. ಡಿಜಿಕ್ಯಾಮ್‌ನಂಥ ಉಚಿತ ತಂತ್ರಾಂಶ ಅದನ್ನೂ ಫೋಟೋದ ಸಮಯವನ್ನೂ ಹೊಂದಿಸಿ ಸ್ಥಳ ಬರೆಯುತ್ತದೆ. ಒಂದು ಎಡವಟ್ಟು ಎಲ್ಲರಿಗೂ ಆಗುವಂಥದ್ದು: ಜಿಪಿಎಕ್ಸ್ ಕಡತದಲ್ಲಿರುವುದು ಜಾಗತಿಕ ಸಮಯ, ಕ್ಯಾಮೆರಾದಲ್ಲಿರುವುದು ಭಾರತದ ಸಮಯ. ಐದೂವರೆ ಗಂಟೆಯ ಈ ವ್ಯತ್ಯಾಸವನ್ನು ತಂತ್ರಾಂಶಕ್ಕೆ ತಿಳಿಸದಿದ್ದರೆ ಒಂದು ಫೋಟೋವೂ ಹೊಂದುವುದಿಲ್ಲ.

8. ಮನೆಗೆ ಬಂದ ದಿನವೇ ದಾಖಲಿಸುವುದು

ಕಡತದ ಹೆಸರಿನಲ್ಲೇ ಬಿಂದು, ದಿಕ್ಕು, ದಿನಾಂಕ ಇರಲಿ. ಜೊತೆಗೆ ಒಂದು ಪಟ್ಟಿ: ತಲುಪಬೇಕಿದ್ದ ಬಿಂದು, ನಿಜವಾಗಿ ನಿಂತ ಜಾಗ, ನಿಖರತೆ, ಸಮಯ, ಹವೆ, ಬಡಾವಣೆಯ ಹೆಸರು ಜನ ಹೇಳುವ ಹಾಗೆ, ಸ್ಥಳೀಯರು ಹೇಳಿದ ಮಾತು. ಫೋಟೋ ಒಳಗೆ ಅಡಗಿರುವ ಮಾಹಿತಿಗೆ ಎಕ್ಸಿಫ್ ಎನ್ನುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಅದು ಅಳಿಸಿಹೋಗುತ್ತದೆ, ಚಿತ್ರವೂ ಕುಗ್ಗುತ್ತದೆ. ಗೆಳೆಯರಿಗೆ ಡಾಕ್ಯುಮೆಂಟ್ ಆಗಿ ಕಳಿಸಿ.

ಈ ದಾಖಲೆಗೆ ನಾನು ಇಷ್ಟು ಒತ್ತು ಕೊಡಲು ಕಾರಣ ಇದೆ. ಭಾರತವನ್ನು ಅಳೆದ ಕೆಲಸದಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ. ಬ್ರಿಟಿಷ್ ಸೇನೆಯ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ, ಅಂದರೆ ಉಳಿದ ದೂರಗಳ ಲೆಕ್ಕಕ್ಕೆಲ್ಲ ತಳಹದಿಯಾಗುವಂತೆ ನೆಲದ ಮೇಲೆ ನೇರವಾಗಿ ಅಳೆಯುವ ಗೆರೆ, ಅಳೆದರು. 1868ರಲ್ಲಿ ಮತ್ತೊಂದು ಆಧಾರರೇಖೆಯನ್ನು ಅಳೆಯಲಾಯಿತು. ಅದರ ಒಂದು ತುದಿ ಮೇಖ್ರಿ ವೃತ್ತದ ಬಳಿ, ಇನ್ನೊಂದು ಹೆಣ್ಣೂರು–ಬಾಗಲೂರು ರಸ್ತೆಯ ಕಣ್ಣೂರು ಹಳ್ಳಿಯಲ್ಲಿ. ಕಣ್ಣೂರಿನಲ್ಲಿ ಉಳಿದಿದ್ದ ಆ ಕಾಲದ ವೀಕ್ಷಣಾ ಕಟ್ಟಡವನ್ನು 2024ರಲ್ಲಿ ಕೆಡವಲಾಯಿತು. ಕಲ್ಲುಗಳ ಕಥೆಯೂ ಇದೇ. ಶಾಸನತಜ್ಞ ಬಿ.ಎಲ್. ರೈಸ್ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಪಟ್ಟಿ ಮಾಡಿದ ಬೆಂಗಳೂರಿನ ಶಾಸನಗಳಲ್ಲಿ ಎಷ್ಟೋ ಈಗ ಇಲ್ಲ. ಇತಿಹಾಸ ಅಧ್ಯಯನದ ಸಂಸ್ಥೆಯಾದ ಮಿಥಿಕ್ ಸೊಸೈಟಿಯ ಯೋಜನೆಯವರು ಉಳಿದವನ್ನು ಹುಡುಕಿ, ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ, ಸ್ಥಳದ ಅಂಕಿಯೊಂದಿಗೆ ದಾಖಲಿಸುತ್ತಿದ್ದಾರೆ. ನಡಿಗೆಯಲ್ಲಿ ನಿಮಗೆ ಎಲ್ಲಾದರೂ ವೀರಗಲ್ಲು, ಅಕ್ಷರ ಇರುವ ಕಲ್ಲು ಕಂಡರೆ ಐದು ಸ್ಥಾನದ ನಿರ್ದೇಶಾಂಕದೊಂದಿಗೆ ಅವರಿಗೆ ತಿಳಿಸಿ. ಸುಣ್ಣ, ಬಣ್ಣ ಬಳಿದಿದ್ದರೂ ತಿಳಿಸಿ. ಕಲ್ಲನ್ನು ಉಜ್ಜಲು, ತೊಳೆಯಲು ಹೋಗಬೇಡಿ.

9. ಹಂಚುವುದು, ಮತ್ತೆ ಹೋಗುವುದು

ಗೂಗಲ್ ಮೈ ಮ್ಯಾಪ್ಸ್‌ಗೆ ನಿಮ್ಮ ಪಟ್ಟಿಯನ್ನು ಏರಿಸಿದರೆ ಬಿಂದುಗಳೆಲ್ಲ ತಾವಾಗಿ ಜೋಡಣೆಯಾಗುತ್ತವೆ. ಮುಕ್ತವಾಗಿ ಕೊಡಲು ಮನಸ್ಸಿದ್ದರೆ ವಿಕಿಮೀಡಿಯಾ ಕಾಮನ್ಸ್ ಒಳ್ಳೆಯ ಜಾಗ. ಕನ್ನಡದಲ್ಲೇ ವಿವರಣೆ ಬರೆಯಿರಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಮ್ಮ ಎಷ್ಟೋ ಅಡ್ಡರಸ್ತೆ, ಕೆರೆ, ಗುಡಿಗಳಿಗೆ ಕನ್ನಡ ಹೆಸರೇ ಇಲ್ಲ, ಅಥವಾ ಇಂಗ್ಲಿಷಿನಿಂದ ತಪ್ಪಾಗಿ ಬರೆದದ್ದಿದೆ. ಬೋರ್ಡಿನ ಫೋಟೋ ನಿಮ್ಮ ಕೈಯಲ್ಲೇ ಇರುವುದರಿಂದ ಅದನ್ನು ನೋಡಿ ಸರಿಪಡಿಸಲು ಹತ್ತು ನಿಮಿಷ ಸಾಕು. ಹಂಚುವ ಮುನ್ನ ಮುಖಗಳು, ಗಾಡಿ ನಂಬರ್‌ಗಳನ್ನು ಮಸುಕು ಮಾಡಿ. ನಿಮ್ಮ ಮನೆಯ ಫೋಟೋಗಳಿಂದ ಸ್ಥಳದ ಮಾಹಿತಿ ತೆಗೆದುಹಾಕಿ.

ವರ್ಷ ಕಳೆದ ಮೇಲೆ ಅದೇ ತಿಂಗಳು, ಅದೇ ಹೊತ್ತಿಗೆ ಅದೇ ಬಿಂದುಗಳಿಗೆ ಮತ್ತೆ ಹೋಗಿ. ಹಳೆಯ ಫೋಟೋವನ್ನು ಫೋನಿನಲ್ಲಿ ತೆರೆದಿಟ್ಟು, ವಿದ್ಯುತ್ ಕಂಬ, ಮೂಲೆಮನೆಯ ಸಜ್ಜಾ, ಮರದ ಬುಡ, ಇಂಥ ಎರಡು ಗುರುತು ಹಿಡಿದು ಚೌಕಟ್ಟು ಹೊಂದಿಸಿ. ಅಂಕಿ ಐದು ಮೀಟರ್ ಆಚೀಚೆ ಆಗಬಹುದಾದ್ದರಿಂದ ಮರುಭೇಟಿಯಲ್ಲಿ ಅಂಕಿಗಿಂತ ಹಳೆಯ ಫೋಟೋದ ಗುರುತೇ ಹೆಚ್ಚು ನಂಬಿಕೆಗೆ ಅರ್ಹ. ಗುರುತುಗಳೇ ಉಳಿದಿಲ್ಲದಿದ್ದರೆ ಅಂಕಿಯನ್ನೇ ನಂಬಿ, 'ಹಳೆಯ ಗುರುತು ಇಲ್ಲ' ಎಂದು ಪಟ್ಟಿಯಲ್ಲಿ ಬರೆಯಿರಿ. ಮೂಲ ಫೋಟೋಗಳನ್ನು ಎರಡು ಬೇರೆ ಕಡೆ ಇಡಿ, ಒಂದು ಫೋನಿನ ಹೊರಗೆ ಇರಲಿ.